ಕೈಕಾಲ ನೋವಿಗೆ ಮರಗಟ್ಟಿಸುವ ಸೂಜಿ: ಅಂಜಿಕೆ ಬೇಡ, ಅವಸರವೂ ಬೇಡ

* ಮದ್ದಿನ ಬಲ ಕೆಲವೇ ತಾಸು. ಆ ತಾಸನ್ನು ಬಳಸಿಕೊಳ್ಳುವುದರಲ್ಲೇ ಗುಣದ ಗುಟ್ಟು
* ನೋವು ಎಂಥದ್ದು ಎಂದು ನಮ್ಮ ಮಾತಿನಲ್ಲೇ ಬಿಡಿಸಿ ಹೇಳಿ

ಅಕ್ಕಲಕೋಟೆ: ಗಡಿಯ ಈ ಭಾಗದಲ್ಲಿ ದುಡಿಮೆ ಎಂದರೆ ಕೈಕಾಲಿನ ದುಡಿಮೆ. ಸೋಲಾಪುರದ ಓಣಿಗಳಲ್ಲಿ ಹೆಂಗಸರು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುತ್ತಾರೆ. ಟವೆಲ್, ಚಾದರದ ಮಗ್ಗಗಳ ಮುಂದೆ ನಿಂತವರು ಪಾಳಿ ಮುಗಿಯುವ ತನಕ ಕೂಡುವಂತಿಲ್ಲ. ಜತ್ತ ತಾಲೂಕಿನ ಒಣಬೇಸಾಯದ ಕುಟುಂಬಗಳು ಕೊಯ್ತಾ ಹಿಡಿದು ಕಬ್ಬಿನ ಸೀಮೆಗೆ ಗುಳೆ ಹೋಗುತ್ತವೆ. ಕೈ ಎತ್ತಲು ಬಾರದಿದ್ದರೆ, ಕಾಲು ಊರಲು ಆಗದಿದ್ದರೆ ಅಂದಿನ ಪಗಾರ ಇಲ್ಲ. ಹೀಗಾಗಿ ನೋವು ಇಲ್ಲಿ ಬರೀ ಮೈಯ ಮಾತಲ್ಲ, ಮನೆಯ ಒಲೆಯ ಮಾತೂ ಹೌದು.

ನೋವು ಹತ್ತಿದೊಡನೆ ಜನ ಮೊದಲು ಮಾಡುವ ಕೆಲಸ, ಹತ್ತಿರದ ದವಾಖಾನೆಗೆ ಹೋಗಿ 'ಒಂದು ಸೂಜಿ ಮಾಡಿಸಿಕೊಂಡು' ಬರುವುದು. ಆದರೆ ಆ ಸೂಜಿಯಲ್ಲಿ ಏನಿತ್ತು, ಅದನ್ನು ಎಲ್ಲಿಗೆ ಹಾಕಿದರು, ಯಾಕೆ ಹಾಕಿದರು ಎಂದು ಕೇಳುವವರು ಕಡಿಮೆ. ಅದೇ, ದೊಡ್ಡ ಆಸ್ಪತ್ರೆಯ ವೈದ್ಯರು 'ನರದ ಬುಡಕ್ಕೆ ಸೂಜಿ ಹಾಕಿ ನೋಡೋಣ' ಎಂದರೆ ಮಾತ್ರ ಎಲ್ಲರಿಗೂ ಅಂಜಿಕೆ. 'ನರಕ್ಕ ಸೂಜಿ ಹಾಕಿದ್ರ ಕೈ ಸತ್ತು ಹೋಗ್ತದ' ಎನ್ನುವ ಮಾತು ಓಣಿ ತುಂಬ ಓಡಾಡುತ್ತದೆ.

ಅಂದರೆ ಒಂದು ಕಡೆ ಬೇಡದ ಸೂಜಿಗೆ ಅವಸರ, ಇನ್ನೊಂದು ಕಡೆ ಬೇಕಾದ ಸೂಜಿಗೆ ಹೆದರಿಕೆ. ಎರಡರಿಂದಲೂ ಕೆಡುವುದು ದುಡಿಯುವ ಕೈಯೇ. ಹಳೆಯ ಕೈಕಾಲು ನೋವಿಗೆ ಸ್ಥಳೀಯ ಅರಿವಳಿಕೆ ಮದ್ದನ್ನು ಸೂಜಿಯ ಮೂಲಕ ಕೊಡುವ ಈ ಚಿಕಿತ್ಸೆ ಏನು, ಯಾರಿಗೆ ಇದು ಸರಿ, ಯಾರಿಗೆ ಅಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಹಲ್ಲು ಕೀಳುವಾಗ ಕೊಡುವ ಮದ್ದೇ!

ಹೊಸದೇನೂ ಅಲ್ಲ. ಹಲ್ಲು ಕೀಳುವ ಮುನ್ನ ವಸಡಿಗೆ ಒಂದು ಸೂಜಿ ಹಾಕುತ್ತಾರಲ್ಲ, ತುಟಿ ದಪ್ಪಗಾದಂತೆ ಅನಿಸುತ್ತದಲ್ಲ, ಅದೇ ಜಾತಿಯ ಮದ್ದು ಇದು. ಹೆಚ್ಚು ಬಳಕೆಯಲ್ಲಿರುವುದು ಲಿಗ್ನೋಕೇನ್. ಸ್ವೀಡನ್ನಿನ ರಸಾಯನ ವಿಜ್ಞಾನಿಗಳಾದ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ 1943ರಲ್ಲಿ ಇದನ್ನು ತಯಾರಿಸಿದರು. 1948ರಲ್ಲಿ ಇದು ಮಾರುಕಟ್ಟೆಗೆ ಬಂತು. ಇದಕ್ಕಿಂತ ಹೆಚ್ಚು ಹೊತ್ತು ನಿಲ್ಲುವ ಇನ್ನೊಂದು ಮದ್ದು ಬುಪಿವಕೇನ್.

ಇವು ಮಾಡುವ ಕೆಲಸ ಸರಳ. ನೋವಿನ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುವುದು ಒಂದು ಬಗೆಯ ವಿದ್ಯುತ್ ಅಲೆಯಾಗಿ. ಆ ಅಲೆ ಏಳಬೇಕಾದರೆ ನರದ ಹೊರಪದರದಲ್ಲಿರುವ ಸಣ್ಣ ಸಣ್ಣ ಬಾಗಿಲುಗಳ ಮೂಲಕ ಸೋಡಿಯಂ ಒಳನುಗ್ಗಬೇಕು. ಮದ್ದು ಆ ಬಾಗಿಲುಗಳನ್ನು ಕೆಲ ಹೊತ್ತು ಮುಚ್ಚುತ್ತದೆ. ಸುದ್ದಿ ಮುಂದೆ ಹೋಗುವುದಿಲ್ಲ, ನೋವು ತಿಳಿಯುವುದಿಲ್ಲ. ಮದ್ದು ಕರಗಿ ಹೋದ ಮೇಲೆ ಬಾಗಿಲು ಮತ್ತೆ ತೆರೆಯುತ್ತದೆ. ಅಂದರೆ ಇದು ನರವನ್ನು ಸುಡುವುದೂ ಇಲ್ಲ, ಕೊಲ್ಲುವುದೂ ಇಲ್ಲ. ಸೂಜಿಯಾದ ಕೆಲ ತಾಸು ಕೈ ಭಾರವಾಗಬಹುದು, ಬಲ ಇಲ್ಲದಂತೆ ಆಗಬಹುದು. ಮದ್ದು ಇಳಿದ ಮೇಲೆ ಅದು ಮೊದಲಿನಂತೆ ಆಗುವುದೇ ರೂಢಿ. ಸೂಜಿಯ ಮೊನೆ ತಗುಲಿ ನರಕ್ಕೆ ಪೆಟ್ಟಾಗುವುದು ಉಂಟು, ಆದರೆ ತಿಳಿದವರ ಕೈಯಲ್ಲಿ ಅದು ಅಪರೂಪ.

ಗಡಿ ಭಾಗದಲ್ಲಿ ಈ ಅಂಜಿಕೆಗೆ ಭಾಷೆಯದೂ ಒಂದು ಪಾಲಿದೆ. ಮರಾಠಿಯಲ್ಲಿ ಅರಿವಳಿಕೆಗೆ 'ಭೂಲ್' ಎನ್ನುತ್ತಾರೆ. 'ಭೂಲ್ ಕೊಡ್ತೀವಿ' ಎಂದ ಕೂಡಲೇ ನಮ್ಮ ಹಿರಿಯರು ಪೂರ್ತಿ ಎಚ್ಚರ ತಪ್ಪಿಸಿ ಮಲಗಿಸುತ್ತಾರೆ ಎಂದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ನೋವಿನ ಜಾಗ ಅಥವಾ ಅದಕ್ಕೆ ಹೋಗುವ ನರ ಮಾತ್ರ ಮರಗಟ್ಟುತ್ತದೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ, ವೈದ್ಯರ ಜೊತೆ ಮಾತಾಡುತ್ತಲೇ ಇರುತ್ತಾರೆ.

ಕೆಲ ತಾಸಿನ ಮದ್ದು, ತಿಂಗಳುಗಟ್ಟಲೆಯ ನೋವಿಗೆ ಹೇಗೆ?

ಕೇಳಬೇಕಾದ ಪ್ರಶ್ನೆಯೇ. ಲಿಗ್ನೋಕೇನ್ ಬಲ ಸುಮಾರು 1ರಿಂದ 2 ತಾಸು. ಬುಪಿವಕೇನ್ ಆದರೆ 4ರಿಂದ 8 ತಾಸು ಇರಬಹುದು. ಆದರೆ ವೈದ್ಯಶಾಸ್ತ್ರ 'ದೀರ್ಘಕಾಲದ ನೋವು' ಎನ್ನುವುದು 3 ತಿಂಗಳಿಗಿಂತ ಹೆಚ್ಚು ಉಳಿದ ಅಥವಾ ಮರುಕಳಿಸುವ ನೋವಿಗೆ. ಇಷ್ಟು ಚಿಕ್ಕ ಮದ್ದು ಅಷ್ಟು ದೊಡ್ಡ ನೋವಿಗೆ ಹೇಗೆ ಸಾಟಿಯಾದೀತು?

ಹಳೆಯ ನೋವು ಒಂದು ಸುತ್ತು ಹಾಕುತ್ತಿರುತ್ತದೆ. ನೋಯುತ್ತದೆ ಎಂದು ಕೈಯನ್ನು ಆಡಿಸುವುದಿಲ್ಲ. ಆಡಿಸದಿದ್ದರೆ ಕೀಲು ಹಿಡಿಯುತ್ತದೆ, ಸ್ನಾಯು ಬತ್ತುತ್ತದೆ, ರಕ್ತದ ಓಡಾಟ ಕುಂದುತ್ತದೆ. ಆಗ ಇನ್ನಷ್ಟು ನೋವು. ಇದರ ಜೊತೆ, ಬೆನ್ನುಹುರಿ ಮತ್ತು ಮಿದುಳಿನ ನರಗಳು ಸದಾ ನೋವಿನ ಸುದ್ದಿ ಕೇಳಿ ಕೇಳಿ ಸೂಕ್ಷ್ಮವಾಗಿಬಿಡುತ್ತವೆ. ಸಣ್ಣ ಮುಟ್ಟೂ ದೊಡ್ಡ ಪೆಟ್ಟಿನಂತೆ ಕೇಳಿಸತೊಡಗುತ್ತದೆ.

ಮರಗಟ್ಟಿಸುವ ಸೂಜಿ ಈ ಸುತ್ತನ್ನು ಒಂದು ಕಡೆ ತುಂಡರಿಸುತ್ತದೆ. ಕೆಲವರಲ್ಲಿ ಮದ್ದಿನ ಬಲ ಇಳಿದ ಮೇಲೂ ದಿನಗಟ್ಟಲೆ, ವಾರಗಟ್ಟಲೆ ನೋವು ಕಡಿಮೆ ಇರುವುದುಂಟು. ಇನ್ನು ಕೆಲವರಿಗೆ ಮದ್ದು ಇಳಿಯುತ್ತಲೇ ನೋವು ವಾಪಸು. ಮೊದಲೇ 'ಇಂಥವರಿಗೆ ಇಷ್ಟು ದಿನ' ಎಂದು ಹೇಳಲು ಬರುವುದಿಲ್ಲ. ಆದರೆ ಎಲ್ಲರಿಗೂ ಸಿಗುವ ಒಂದು ಲಾಭವಿದೆ: ನೋವಿಲ್ಲದ ಆ ಕೆಲವು ತಾಸು. ಆ ಹೊತ್ತಿನಲ್ಲಿ ಹಿಡಿದ ಕೀಲನ್ನು ಆಡಿಸಿದರೆ, ಮಡಚಲಾರದ ಬೆರಳನ್ನು ಮಡಚಿದರೆ ಸೂಜಿ ಹಾಕಿಸಿಕೊಂಡದ್ದು ಸಾರ್ಥಕ. 'ಸೂಜಿ ಆಗ್ಯದ, ಇನ್ನ ಮಲಗು' ಎಂದು ಹಾಸಿಗೆ ಹಿಡಿದರೆ ಅರ್ಧ ಚಿಕಿತ್ಸೆ ನೀರಿನಲ್ಲಿ ಹೋಮ ಮಾಡಿದಂತೆ.

ಸೂಜಿಯಿಂದ ಇನ್ನೊಂದು ಉಪಯೋಗವೂ ಇದೆ. ಒಂದು ನರವನ್ನು ಮರಗಟ್ಟಿಸಿದಾಗ ನೋವು ನಿಂತರೆ, ಆ ನೋವು ಆ ನರದ ದಾರಿಯಲ್ಲೇ ಬರುತ್ತಿದೆ ಎಂದು ತಿಳಿಯುತ್ತದೆ. ನಿಲ್ಲದಿದ್ದರೆ ಬೇರೆ ಕಡೆ ಹುಡುಕಬೇಕು. ಹೀಗಾಗಿ 'ಸೂಜಿ ಹತ್ತಲಿಲ್ಲ' ಎನ್ನುವುದೂ ವೈದ್ಯರಿಗೆ ಒಂದು ಸುಳಿವೇ. ಅದನ್ನು ಮುಚ್ಚಿಡದೆ ಹೇಳಬೇಕು.

ಯಾವ ನೋವಿಗೆ ಎಲ್ಲಿ ಸೂಜಿ?

ಕೈಕಾಲ ನೋವೆಲ್ಲ ಒಂದೇ ಅಲ್ಲ. ಈ ಭಾಗದಲ್ಲಿ ಸಾಮಾನ್ಯವಾಗಿ ಕಾಣುವ ಕೆಲವನ್ನು ಹೀಗೆ ಬೇರೆ ಮಾಡಬಹುದು.

ಸ್ನಾಯುವಿನ ಗಂಟು: ತಲೆ ಬಗ್ಗಿಸಿ ತಾಸುಗಟ್ಟಲೆ ಬೀಡಿ ಕಟ್ಟುವವರಿಗೆ, ಹೊಲಿಗೆಯವರಿಗೆ ಕತ್ತು-ಭುಜದ ನಡುವೆ ಒತ್ತಿದರೆ ಜೀವ ಹೋದಂತೆ ನೋಯುವ ಗಂಟುಗಳು ಇರುತ್ತವೆ. ಅಲ್ಲಿ ಒತ್ತಿದರೆ ನೋವು ತೋಳಿನ ತನಕ ಇಳಿಯುತ್ತದೆ. ಇಂಥ ಗಂಟುಗಳ ಬಗ್ಗೆ ಹೆಚ್ಚು ಕೆಲಸ ಮಾಡಿದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಅಧ್ಯಕ್ಷ ಜಾನ್ ಕೆನಡಿ ಅವರ ಬೆನ್ನುನೋವಿಗೆ ಇಂಥ ಸೂಜಿ ಕೊಟ್ಟವರೂ ಇವರೇ. 1961ರಲ್ಲಿ ಶ್ವೇತಭವನದ ವೈದ್ಯೆಯಾದರು. ಗಂಟಿನೊಳಗೆ ಸ್ವಲ್ಪವೇ ಲಿಗ್ನೋಕೇನ್ ಬಿಟ್ಟರೆ ಸ್ನಾಯು ಸಡಿಲಾಗುತ್ತದೆ. ನಂತರ ಆ ಸ್ನಾಯುವನ್ನು ಎಳೆದು ಬಿಡುವ ವ್ಯಾಯಾಮ ಮಾಡಲೇಬೇಕು. ಕೂಡುವ ಭಂಗಿ ಬದಲಾಗದಿದ್ದರೆ ಗಂಟು ಮತ್ತೆ ಬರುತ್ತದೆ.

ಹಿಡಿದ ಭುಜ: 'ತಲಿ ಬಾಚಾಕ ಕೈ ಏಳವಲ್ದು' ಎನ್ನುವ ದೂರು ಇದು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ಭುಜದ ಕೀಲಿನ ನೋವಿನ ಸುದ್ದಿಯ ಬಹುಪಾಲನ್ನು ಹೊರುವ ಒಂದು ನರ ಹೆಗಲ ಎಲುಬಿನ ಮೇಲ್ಭಾಗದ ಕಚ್ಚಿನಲ್ಲಿ ಹಾಯುತ್ತದೆ. ಅದರ ಬಳಿ ಮದ್ದು ಬಿಟ್ಟರೆ ಭುಜ ಆಡಿಸುವಷ್ಟು ನೋವು ತಗ್ಗುತ್ತದೆ. ಕೂಡಲೇ ಫಿಜಿಯೋಥೆರಪಿ ಶುರು ಮಾಡಿದರೆ ಕೈ ಸ್ವಲ್ಪ ಸ್ವಲ್ಪವೇ ಮೇಲೇಳುತ್ತದೆ.

ಉರಿಯುವ, ಊದಿದ ಕೈ: ಬಿದ್ದು ಮಣಿಕಟ್ಟು ಮುರಿದಿರುತ್ತದೆ. ಪ್ಲಾಸ್ಟರ್ ಬಿಚ್ಚುತ್ತಾರೆ, ಎಲುಬು ಕೂಡಿರುತ್ತದೆ. ಆದರೆ ಕೈ ಊದಿ, ಹೊಳೆಯುತ್ತ, ಬಣ್ಣ ಬದಲಿಸಿ, ಬಟ್ಟೆ ತಾಗಿದರೂ ಬೆಂಕಿ ಬಿದ್ದಂತೆ ಉರಿಯುತ್ತದೆ. 'ಎಲುಬು ಕೂಡ್ಯದ, ಇನ್ನೇನ ನೋವು? ನಾಟಕ' ಎಂದು ಮನೆಯವರು ಗದರುವುದುಂಟು. ಅದು ನಾಟಕವಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲಿ ಇಂಥದ್ದೇ ಉರಿಯನ್ನು ಕಂಡ ವೈದ್ಯ ವಿಯರ್ ಮಿಚೆಲ್, 1872ರ ತಮ್ಮ ಪುಸ್ತಕದಲ್ಲಿ ಅದನ್ನು ವಿವರವಾಗಿ ದಾಖಲಿಸಿದರು. ಆ ಸೈನಿಕರು ಉರಿ ತಾಳದೆ ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರು. 1994ರಿಂದ ಈ ಕಾಯಿಲೆಗೆ 'ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್' ಎಂಬ ಹೆಸರಿದೆ. ವೈದ್ಯರ ಚೀಟಿಯಲ್ಲಿ ಸಿ.ಆರ್.ಪಿ.ಎಸ್. ಎಂದು ಬರೆದಿರುತ್ತಾರೆ.

ಈ ಉರಿಯಲ್ಲಿ, ನಮ್ಮ ಅಂಕೆಗೆ ಸಿಗದೆ ರಕ್ತನಾಳ ಮತ್ತು ಬೆವರನ್ನು ನಡೆಸುವ 'ಸಿಂಪಥೆಟಿಕ್' ನರಗಳ ಕೈವಾಡವಿದೆ ಎಂದು ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಶ್ ನಂಬಿದ್ದರು. ಮೊದಲ ಮಹಾಯುದ್ಧದ ಗಾಯಾಳುಗಳಿಂದ ಆರಂಭಿಸಿ, 1920-30ರ ದಶಕಗಳಲ್ಲಿ ಅವರು ಈ ನರಗಳಿಗೆ ಅಂದಿನ ಅರಿವಳಿಕೆ ಮದ್ದನ್ನು ಬಿಟ್ಟು ನೋಡುವ ಪದ್ಧತಿ ಬೆಳೆಸಿದರು. ಇಂದಿಗೂ ಕೈಯಾದರೆ ಕತ್ತಿನ ಮುಂಭಾಗದಲ್ಲಿರುವ ನರಗಂಟಿಗೆ, ಕಾಲಾದರೆ ಸೊಂಟದ ಮಟ್ಟದ ಬೆನ್ನುಮೂಳೆಯ ಮಗ್ಗುಲಿಗೆ ಸೂಜಿ ಹಾಕುತ್ತಾರೆ. ಕತ್ತಿನ ಸೂಜಿಯಾದ ಮೇಲೆ ಅದೇ ಬದಿಯ ಕಣ್ಣಿನ ರೆಪ್ಪೆ ಜೋಲುತ್ತದೆ, ದನಿ ಗೊಗ್ಗರಾಗಬಹುದು, ಕೈ ಬೆಚ್ಚಗಾಗುತ್ತದೆ. ಹೆದರಬೇಕಿಲ್ಲ, ರೆಪ್ಪೆ ಜೋಲುವುದು, ಕೈ ಬೆಚ್ಚಗಾಗುವುದು ಮದ್ದು ಸರಿಯಾದ ಜಾಗ ಮುಟ್ಟಿದ ಗುರುತು. ಕೆಲ ತಾಸಿನಲ್ಲಿ ಸರಿಹೋಗುತ್ತದೆ.

ಆದರೆ ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಸಿ.ಆರ್.ಪಿ.ಎಸ್.ಗೆ ಈ ಸೂಜಿ ಕೊಟ್ಟ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ, ಲಾಭ ಖಚಿತ ಎನ್ನಲು ಬೇಕಾದಷ್ಟು ಸಾಕ್ಷ್ಯ ಇಲ್ಲ ಎಂದೇ ಹೇಳಿತು. ಅಧ್ಯಯನಗಳು ಚಿಕ್ಕವು, ಫಲಿತಾಂಶ ಒಂದೇ ತೆರನಲ್ಲ. ಹಾಗಾಗಿ ಇದು ಒಬ್ಬಂಟಿ ಮದ್ದಲ್ಲ. ಕೈಯನ್ನು ಬೇಗ ಆಡಿಸಲು ಶುರು ಮಾಡುವುದೇ ಇಲ್ಲಿ ಮುಖ್ಯ ಚಿಕಿತ್ಸೆ. ಸೂಜಿ ಅದಕ್ಕೆ ದಾರಿ ಮಾಡಿಕೊಡಬಹುದು, ಅಷ್ಟೇ.

ಬೀಡಿ ಸೇದುವವರ ಕಾಲು: ಈ ಭಾಗಕ್ಕೆ ಇದು ತೀರ ಹತ್ತಿರದ ಸಂಗತಿ. 45 ದಾಟದ ಗಂಡಸು, ಬೀಡಿ ಬಿಟ್ಟಿಲ್ಲ. ಮೊದಲು ನಡೆದರೆ ಮೀನಖಂಡ ಹಿಡಿಯುತ್ತದೆ, ಆಮೇಲೆ ರಾತ್ರಿ ಮಲಗಿದರೂ ಬೆರಳು ಸೆಳೆಯುತ್ತವೆ, ಕೊನೆಗೆ ಬೆರಳ ತುದಿ ಕಪ್ಪಾಗುತ್ತದೆ. ಸಣ್ಣ ರಕ್ತನಾಳಗಳು ಉರಿತಗೊಂಡು ಮುಚ್ಚಿಹೋಗುವ ಈ ಕಾಯಿಲೆಗೆ, 1908ರಲ್ಲಿ ಅದನ್ನು ವಿವರಿಸಿದ ಲಿಯೋ ಬರ್ಗರ್ ಅವರ ಹೆಸರೇ ಇದೆ. ಸೊಂಟದ ಬಳಿಯ ಸಿಂಪಥೆಟಿಕ್ ನರಗಳನ್ನು ಮರಗಟ್ಟಿಸಿದರೆ ಉಳಿದ ರಕ್ತನಾಳಗಳು ಸಡಿಲಾಗಿ, ಕಾಲು ಬೆಚ್ಚಗಾಗಿ, ನೋವು ಇಳಿದು ನಿದ್ದೆ ಬರಬಹುದು. ಆದರೆ ಕಾಯಿಲೆಯನ್ನು ನಿಲ್ಲಿಸುವುದು ಸೂಜಿಯಲ್ಲ, ತಂಬಾಕು ಬಿಡುವುದು ಮಾತ್ರ. ದಿನಕ್ಕೆ ಒಂದೆರಡೇ ಬೀಡಿ ಎಂದರೂ ಕಾಯಿಲೆ ಮುಂದುವರಿಯುತ್ತದೆ. ಬೀಡಿಯನ್ನು ಬಿಟ್ಟು ತಂಬಾಕು ಅಗಿದರೂ ಬಿಟ್ಟಂತೆ ಆಗಲಿಲ್ಲ.

ತೆಗೆದ ಕಾಲಿನ ನೋವು: ಅಪಘಾತದಲ್ಲೋ, ಸಕ್ಕರೆ ಕಾಯಿಲೆಯಿಂದಲೋ ಕಾಲು ತೆಗೆದಿರುತ್ತಾರೆ. ಆದರೂ ಇಲ್ಲದ ಪಾದ ನೋಯುತ್ತದೆ. ದೆವ್ವದ ಕಾಟ ಎಂದು ದೇವರು ಕೇಳಿಸುವವರಿದ್ದಾರೆ. ಇದು ಮಿದುಳು-ನರಗಳ ಆಟ. ಮೋಟು ಭಾಗದಲ್ಲಿ ಕತ್ತರಿಸಿದ ನರದ ತುದಿ ಗಂಟಾಗಿ, ಮುಟ್ಟಿದರೆ ಕರೆಂಟ್ ಹೊಡೆದಂತಾದರೆ ಅಲ್ಲಿಗೆ ಮರಗಟ್ಟಿಸುವ ಮದ್ದು ಕೊಟ್ಟು ನೋಡುತ್ತಾರೆ.

ಎಲ್ಲಿ ಈ ಸೂಜಿ ಅಲ್ಲ?

ಸಕ್ಕರೆ ಕಾಯಿಲೆಯವರ ಎರಡೂ ಪಾದ ಒಟ್ಟಿಗೆ ಉರಿಯುವುದು, ಜೋಮು ಹಿಡಿಯುವುದು ಬಹಳ ಮನೆಗಳ ಕತೆ. ಇದಕ್ಕೆ ಸೂಜಿ ಹಾಕುತ್ತ ಹೋಗುವುದರಿಂದ ಪ್ರಯೋಜನವಿಲ್ಲ. ಸಕ್ಕರೆ ಹತೋಟಿಗೆ ತರುವುದು, ಪಾದ ಜೋಪಾನ ಮಾಡುವುದು, ವೈದ್ಯರು ಹೇಳಿದರೆ ಅಮಿಟ್ರಿಪ್ಟಿಲಿನ್, ಪ್ರಿಗಾಬಲಿನ್, ಡುಲೋಕ್ಸೆಟಿನ್‌ನಂಥ ಗುಳಿಗೆ ತೆಗೆದುಕೊಳ್ಳುವುದು, ಇದೇ ದಾರಿ.

ಜ್ವರದ ಜೊತೆ ಕೀಲು ಊದಿ ಕೆಂಪಾಗಿದ್ದರೆ, ಸೂಜಿ ಹಾಕುವ ಜಾಗದಲ್ಲೇ ಹುಣ್ಣು-ಕೀವು ಇದ್ದರೆ ಸೂಜಿ ಕೂಡದು. ಒಂದೇ ಕಾಲು ಫಕ್ಕನೆ ಊದಿ ನೋಯತೊಡಗಿದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಕಾಲು ಒಮ್ಮೆಲೇ ತಣ್ಣಗಾಗಿ ಬಿಳಚಿಕೊಂಡರೆ ರಕ್ತದ ದಾರಿಯೇ ಮುಚ್ಚಿರಬಹುದು. ಬೆನ್ನುನೋವಿನ ಜೊತೆ ಕಾಲಿನ ಬಲ ಹೋದರೆ, ಮಲಮೂತ್ರದ ಹತೋಟಿ ತಪ್ಪಿದರೆ ಬೆನ್ನುಹುರಿಯ ಬುಡದ ನರಗಳಿಗೆ ಒತ್ತು ಬಿದ್ದಿರಬಹುದು. ಇವೆಲ್ಲ ನೋವು ಮುಚ್ಚಿಸುವ ಸಮಯವಲ್ಲ, ಅಂದೇ ದೊಡ್ಡ ಆಸ್ಪತ್ರೆಗೆ ಓಡುವ ಸಮಯ.

ನೋವಿಗೂ ಒಂದು ಭಾಷೆ

ರಕ್ತಪರೀಕ್ಷೆಯಲ್ಲಿ ನೋವು ಕಾಣುವುದಿಲ್ಲ. ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಅದು ಸ್ನಾಯುವಿನದೋ, ಕೀಲಿನದೋ, ನರದ್ದೋ ಎಂದು ವೈದ್ಯರು ತೂಗುವುದು ಹೆಚ್ಚಾಗಿ ರೋಗಿಯ ಮಾತಿನಿಂದ. ನರದ ನೋವನ್ನು ಗುರುತಿಸಲು ವೈದ್ಯರು ಬಳಸುವ ಪ್ರಶ್ನಾವಳಿಗಳಲ್ಲಿ ಕೇಳುವುದೂ ಇದನ್ನೇ: ಉರಿಯುತ್ತದೆಯೇ, ಕರೆಂಟ್ ಹೊಡೆದಂತೆ ಆಗುತ್ತದೆಯೇ, ಜುಮುಗುಡುತ್ತದೆಯೇ, ಸೂಜಿ ಚುಚ್ಚಿದಂತೆಯೇ, ಮರಗಟ್ಟಿದೆಯೇ, ತುರಿಸುತ್ತದೆಯೇ?

ಗಡಿಯಾಚೆಯ ಕನ್ನಡಿಗರಿಗೆ ತೊಡಕು ಬರುವುದು ಇಲ್ಲಿಯೇ. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತದ ಹಳ್ಳಿಗಳ ಹಿರಿಯ ಹೆಂಗಸರಿಗೆ ಸಂತೆಯ ಮರಾಠಿ ಬರುತ್ತದೆ, ನೋವಿನ ಮರಾಠಿ ಬರುವುದಿಲ್ಲ. ವೈದ್ಯರ ಮುಂದೆ ಕುಳಿತಾಗ ಎಲ್ಲ ನೋವೂ 'ದುಖತಂಯ್' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಜೊತೆಗೆ ಹೋದ ಮಗನೋ ಸೊಸೆಯೋ ಅವಸರದಲ್ಲಿ 'ಕೈ ನೋವಂತ್ರಿ' ಎಂದು ಹೇಳಿ ಮುಗಿಸುತ್ತಾರೆ. 'ರಾತ್ರಿ ಖಾರ ಹಚ್ಚಿದಂಗ ಉರೀತದ, ಚಾದರ ತಾಗಿದ್ರೂ ತಡಿಯಾಕ ಆಗವಲ್ದು' ಎಂಬ ಅಜ್ಜಿಯ ಮಾತು ಅಲ್ಲಿಗೆ ಮುಟ್ಟುವುದೇ ಇಲ್ಲ. ಸರಿಯಾದ ಸೂಜಿ ಸಿಗುವುದೂ ತಪ್ಪುವುದೂ ಆ ಒಂದು ಮಾತಿನ ಮೇಲೆ ನಿಂತಿರಬಹುದು.

ಜೊತೆಗೆ ಹೋಗುವ ಮಕ್ಕಳು ಈ ಕೆಲವು ಜೋಡಿ ಮಾತು ಕಲಿತಿದ್ದರೆ ಸಾಕು. ಖಾರ ಹಚ್ಚಿದಂತೆ ಉರಿಯುವುದಕ್ಕೆ ಮರಾಠಿಯಲ್ಲಿ 'ಆಗ್ ಹೋಣೆ'. ಇರುವೆ ಹರಿದಂತೆ ಜುಮ್ಮೆನ್ನುವುದಕ್ಕೆ 'ಮುಂಗ್ಯಾ ಯೇಣೆ', ಅಲ್ಲಿಯೂ ಇರುವೆಯೇ! ಮರಗಟ್ಟುವುದಕ್ಕೆ 'ಬಧಿರ್ ಹೋಣೆ'. ಒಮ್ಮೆಲೇ ಸೆಳಕು ಬರುವುದಕ್ಕೆ 'ಕಳ್ ಯೇಣೆ'. ನಾಡಿ ಬಡಿದಂತೆ ಹೊಡೆದುಕೊಳ್ಳುವುದಕ್ಕೆ 'ಠಣಕಣೆ'. ನೋವು ಎಲ್ಲಿ ಹುಟ್ಟಿ ಎಲ್ಲಿಗೆ ಇಳಿಯುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬೇಕು. ಹಗಲೋ ರಾತ್ರಿಯೋ, ಕೆಲಸ ಮಾಡಿದಾಗಲೋ ಸುಮ್ಮನಿದ್ದಾಗಲೋ ಎಂಬುದನ್ನೂ ಹೇಳಬೇಕು.

ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿತು. ಅದರ ಜೊತೆಗಿನ ಟಿಪ್ಪಣಿಯಲ್ಲಿ, ವ್ಯಕ್ತಿ ತನಗೆ ನೋವಿದೆ ಎಂದು ಹೇಳಿದರೆ ಆ ಮಾತಿಗೆ ಗೌರವ ಕೊಡಬೇಕು ಎಂದೂ ಸೇರಿಸಿತು. ವೈದ್ಯರಿಗೆ ಹೇಳಿದ ಈ ಮಾತು ಮನೆಯವರಿಗೂ ಸಲ್ಲುತ್ತದೆ.

ಸೂಜಿಯ ಅಪಾಯ, ಅಳತೆಯ ಲೆಕ್ಕ

ಹಲ್ಲಿನ ಸೂಜಿಯಷ್ಟೇ ಸಾಧಾರಣ ಎಂದು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಈ ಮದ್ದಿಗೆ ಒಂದು ಮೇರೆ ಇದೆ. ಬರೀ ಲಿಗ್ನೋಕೇನ್ ಆದರೆ ಮೈತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ಎಂಬುದು ಎಚ್ಚರಿಕೆಯ ಲೆಕ್ಕ. 60 ಕಿಲೋ ತೂಕದವರಿಗೆ 180 ಮಿಲಿಗ್ರಾಂ. ಶೇ 2ರ ಲಿಗ್ನೋಕೇನಿನ 1 ಮಿಲಿಯಲ್ಲಿ 20 ಮಿಲಿಗ್ರಾಂ ಇರುವುದರಿಂದ, ಅದು 9 ಮಿಲಿಗೆ ಮುಗಿಯಿತು. ಒಂದೇ ದಿನ ಭುಜ, ಮೊಣಕೈ, ಸೊಂಟ ಎಂದು ಹತ್ತಾರು ಕಡೆ ಹಾಕಿಸಿಕೊಂಡರೆ ಮೇರೆ ಮೀರುವುದು ಸುಲಭ. ಬುಪಿವಕೇನಿನ ಮೇರೆ ಇನ್ನೂ ಕಡಿಮೆ.

ಮದ್ದು ಹೆಚ್ಚಾದರೆ ಅಥವಾ ತಪ್ಪಿ ರಕ್ತನಾಳಕ್ಕೆ ಹೋದರೆ ಮೈ ಮೊದಲೇ ಸೂಚನೆ ಕೊಡುವುದುಂಟು. ನಾಲಿಗೆ, ತುಟಿಯ ಸುತ್ತ ಜುಮ್ಮೆನ್ನುವುದು, ಬಾಯಲ್ಲಿ ಕಬ್ಬಿಣದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ತಲೆ ತಿರುಗುವುದು. ಮುಂದೆ ಫಿಟ್ಸ್, ಹೃದಯ ನಿಲ್ಲುವ ತನಕವೂ ಹೋಗಬಹುದು. ಹೀಗಾಗಿಯೇ ಸೂಜಿ ಹಾಕುವಾಗ ಹೀಗೇನಾದರೂ ಅನಿಸಿದರೆ ತಡಮಾಡದೆ ಹೇಳಬೇಕು. ಇಂಥ ಹೊತ್ತಿನಲ್ಲಿ ಜೀವ ಉಳಿಸಲು ಕೊಬ್ಬಿನ ದ್ರಾವಣವನ್ನು ರಕ್ತನಾಳದ ಮೂಲಕ ಕೊಡುವ ಪದ್ಧತಿ 2006ರಿಂದ ಮನುಷ್ಯರಲ್ಲಿ ಬಳಕೆಗೆ ಬಂದಿದೆ. ಆಮ್ಲಜನಕ, ಹೃದಯದ ಬಡಿತ ನೋಡುವ ಯಂತ್ರ ಮತ್ತು ಈ ದ್ರಾವಣ ಇರುವ ಕಡೆಯೇ ನರದ ಬುಡಕ್ಕೆ ಸೂಜಿ ಹಾಕಿಸಿಕೊಳ್ಳಬೇಕು ಎನ್ನುವುದು ಇದಕ್ಕಾಗಿ. ಕತ್ತು-ಭುಜದ ಸುತ್ತಲಿನ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬೀಳುವ ಅಪಾಯವೂ ಉಂಟು. ಮನೆಗೆ ಬಂದ ಮೇಲೆ ಉಸಿರು ಕಟ್ಟಿದಂತೆ ಆದರೆ ಕೂಡಲೇ ಆಸ್ಪತ್ರೆಗೆ ಮರಳಬೇಕು. ಅಲ್ಟ್ರಾಸೌಂಡ್ ಅಥವಾ ಸಿ-ಆರ್ಮ್ ಎಕ್ಸ್‌ರೇಯಲ್ಲಿ ನೋಡುತ್ತ ಸೂಜಿ ಹಾಕಿದರೆ ಈ ಅಪಾಯಗಳು ಬಹಳ ತಗ್ಗುತ್ತವೆ.

ಇನ್ನೊಂದು ಗುಟ್ಟಿನ ಸಂಗತಿ ಸ್ಟೆರಾಯ್ಡ್. ಕೀಲಿಗೆ, ಬೆರಳಿನ ಬುಡಕ್ಕೆ ಕೊಡುವ ಸೂಜಿಯಲ್ಲಿ ಮರಗಟ್ಟಿಸುವ ಮದ್ದಿನ ಜೊತೆ ಸ್ಟೆರಾಯ್ಡ್ ಬೆರೆಸುವುದು ರೂಢಿ. ತಕ್ಕ ಕಾರಣಕ್ಕೆ, ತಕ್ಕ ಅಳತೆಯಲ್ಲಿ ಅದು ತಪ್ಪಲ್ಲ. ಆದರೆ ಸಕ್ಕರೆ ಕಾಯಿಲೆಯವರಿಗೆ ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಕೊಟ್ಟರೆ ಸ್ನಾಯುವಿನ ಹುರಿ, ಕೀಲಿನ ಮೆದು ಎಲುಬು ಸೊರಗುತ್ತವೆ. 'ಮ್ಯಾಲಿಂದ ಮ್ಯಾಲ ಸೂಜಿ ಮಾಡಿಸ್ಕೋತೀನಿ, ಆರಾಮ ಅದೀನಿ' ಎನ್ನುವವರು ಆ ಸೂಜಿಯಲ್ಲಿ ಏನಿದೆ ಎಂದು ಒಮ್ಮೆ ಕೇಳಲೇಬೇಕು.

ಸೂಜಿ ಆದ ಮೇಲೆ

ಮರಗಟ್ಟಿದ ಕೈಗೆ ಬಿಸಿ ತಿಳಿಯುವುದಿಲ್ಲ. ಅಂದು ಒಲೆಯ ಮುಂದೆ ರೊಟ್ಟಿ ತಟ್ಟಲು ಕೂಡಬೇಡಿ, ಬಿಸಿ ಚಹಾದ ಬಟ್ಟಲು ಆ ಕೈಯಲ್ಲಿ ಹಿಡಿಯಬೇಡಿ. ಕಾಲಿಗೆ ಸೂಜಿಯಾದರೆ ಒಬ್ಬರೇ ಎಸ್.ಟಿ. ಬಸ್ಸು ಹತ್ತುವುದು, ಬೈಕ್ ಹೊಡೆಯುವುದು ಬೇಡ. ಮುಗ್ಗರಿಸಿ ಬಿದ್ದರೆ ಒಂದು ನೋವು ಹೋಗಿ ಇನ್ನೊಂದು ಬಂತು. ಜೊತೆಗೊಬ್ಬರು ಇರಲಿ.

ಆದರೆ ಜೋಪಾನ ಮಾಡುವುದು ಎಂದರೆ ಮಲಗುವುದಲ್ಲ. ಫಿಜಿಯೋಥೆರಪಿಯವರು ಹೇಳಿಕೊಟ್ಟಂತೆ ಕೀಲನ್ನು ಮೆಲ್ಲಗೆ ಆಡಿಸಿ. ಎಷ್ಟು ಹೊತ್ತು ನೋವಿರಲಿಲ್ಲ, ಎಷ್ಟು ಎತ್ತರಕ್ಕೆ ಕೈ ಹೋಯಿತು, ರಾತ್ರಿ ನಿದ್ದೆ ಹತ್ತಿತೇ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಕನ್ನಡದಲ್ಲೇ ಬರೆಯಿರಿ, ಓದಿ ಹೇಳಲು ಮಕ್ಕಳಿದ್ದಾರೆ. ಮುಂದಿನ ಸೂಜಿ ಬೇಕೋ ಬೇಡವೋ ಎಂಬುದನ್ನು ಹೇಳುವುದು ಆ ಚೀಟಿಯೇ. ಎರಡು-ಮೂರು ಸೂಜಿಯಾದರೂ ಒಂದಿಷ್ಟೂ ಬದಲಾವಣೆ ಕಾಣದಿದ್ದರೆ ಅದನ್ನೇ ಮುಂದುವರಿಸುವುದರಲ್ಲಿ ಅರ್ಥವಿಲ್ಲ, ಬೇರೆ ದಾರಿ ಕೇಳಬೇಕು.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು?

ನರದ ಬುಡಕ್ಕೆ ಹಾಕುವ ಸೂಜಿ ಓಣಿಯ ದವಾಖಾನೆಯ ಕೆಲಸವಲ್ಲ. ಹೆಚ್ಚಿನ ಕಡೆ ಇದನ್ನು ಮಾಡುವವರು ಅರಿವಳಿಕೆ ತಜ್ಞರು. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗ ಇದ್ದೇ ಇರುತ್ತದೆ. ಸೋಲಾಪುರದಲ್ಲಿ 1963ರಲ್ಲಿ ಆರಂಭವಾದ ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಜತ್ತದವರಿಗೆ ಮಿರಜ ಉಂಟು. ಕನ್ನಡದಲ್ಲೇ ಮಾತಾಡಬೇಕು ಎನ್ನುವ ಹಿರಿಯರಿಗೆ ಕಲಬುರಗಿ, ವಿಜಯಪುರದ ಮೆಡಿಕಲ್ ಕಾಲೇಜುಗಳೂ ದೂರವಲ್ಲ. ಹೋಗುವ ಮುನ್ನ ನೋವಿನ ಚಿಕಿತ್ಸೆ ಯಾವ ದಿನ ಇರುತ್ತದೆ ಎಂದು ವಿಚಾರಿಸಿಕೊಂಡು ಹೋದರೆ ಒಂದು ದಿನದ ಪಗಾರ ಉಳಿಯುತ್ತದೆ.

ಸೂಜಿಗೆ ಮೈ ಒಡ್ಡುವ ಮೊದಲು ಈ ಐದು ಪ್ರಶ್ನೆ ಕೇಳಿ:

1. ನನ್ನ ನೋವು ಸ್ನಾಯುವಿನದೋ, ಕೀಲಿನದೋ, ನರದ್ದೋ?
2. ಸೂಜಿಯಲ್ಲಿ ಯಾವ ಮದ್ದಿದೆ? ಸ್ಟೆರಾಯ್ಡ್ ಬೆರೆಸಿದ್ದೀರಾ?
3. ಎಷ್ಟು ತಾಸು ಮರಗಟ್ಟಿರುತ್ತದೆ? ಆ ಹೊತ್ತಿನಲ್ಲಿ ನಾನು ಯಾವ ವ್ಯಾಯಾಮ ಮಾಡಬೇಕು?
4. ಒಟ್ಟು ಎಷ್ಟು ಸಲ? ಗುಣ ಕಾಣದಿದ್ದರೆ ಮುಂದೇನು?
5. ತೊಂದರೆಯಾದರೆ ನೋಡಿಕೊಳ್ಳಲು ಇಲ್ಲಿ ವ್ಯವಸ್ಥೆ ಇದೆಯೇ?

ನಿಮ್ಮ ಕಡೆಯಿಂದ ಹೇಳಬೇಕಾದ್ದೂ ಇದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ರಕ್ತ ತೆಳುವಾಗಿಸುವ ಗುಳಿಗೆ, ಹಿಂದೆ ಯಾವುದಾದರೂ ಸೂಜಿ ಮೈಗೆ ಆಗದೆ ಇದ್ದದ್ದು, ಹೆಂಗಸರಾದರೆ ಬಸಿರು, ಇದ್ಯಾವುದನ್ನೂ ಮುಚ್ಚಿಡಬೇಡಿ. ಹಳೆಯ ಚೀಟಿ, ಗುಳಿಗೆಯ ಪಟ್ಟಿ ಜೊತೆಗಿರಲಿ.

ಕೈಕಾಲು ನೋವನ್ನು 'ದುಡಿದ ಮೈಗೆ ಇದ್ದದ್ದೇ' ಎಂದು ನುಂಗಿಕೊಳ್ಳುವುದು ಈ ನೆಲದ ರೂಢಿ. ಮೂರು ತಿಂಗಳು ದಾಟಿದ ನೋವನ್ನು ನುಂಗಿಕೊಂಡಷ್ಟೂ ಅದು ಬೇರು ಬಿಡುತ್ತದೆ. ಮರಗಟ್ಟಿಸುವ ಸೂಜಿ ಆ ಬೇರನ್ನು ಒಂದೇ ಏಟಿಗೆ ಕೀಳುವುದಿಲ್ಲ. ನಾಲ್ಕಾರು ತಾಸು ನೆಲವನ್ನು ಸಡಿಲ ಮಾಡಿಕೊಡುತ್ತದೆ. ಕೀಳುವ ಕೆಲಸ ಆ ಕೈಯದೇ, ಆ ಕಾಲಿನದೇ.